ಸಿಗ್ನಲ್ ಹುಡುಕಿಕೊಂಡು ಬೆಟ್ಟ ಹತ್ತಿದ ಹಕ್ಕಿ

ಕ್ಲೇರ್ ಒಂದು ವಿಡಿಯೊ ಗೇಮಿನ ಹಕ್ಕಿ. ರಜೆಗೆಂದು ಮೇ ಅನ್ನುವ ಚಿಕ್ಕಮ್ಮನ ಹತ್ತಿರ ಬಂದಿದ್ದಾಳೆ. ಚಿಕ್ಕಮ್ಮ ಹಾಕ್ ಪೀಕ್ ಅನ್ನುವ ಪಾರ್ಕಿನಲ್ಲಿ ರೇಂಜರ್. ಸುತ್ತ ನೀರು, ನಡುವೆ ಬೆಟ್ಟ. ಎಲ್ಲ ಚೆನ್ನಾಗಿದೆ, ಮೊಬೈಲಿಗೆ ಸಿಗ್ನಲ್ ಮಾತ್ರ ಇಲ್ಲ. ಕ್ಲೇರ್ ಯಾವುದೋ ಮುಖ್ಯವಾದ ಕಾಲ್‌ಗೆ ಕಾಯುತ್ತಿದ್ದಾಳೆ. ಬೆಟ್ಟದ ತುದಿಗೆ ಹೋದರೆ ಸಿಗ್ನಲ್ ಸಿಗುತ್ತೆ ನೋಡು, ಅನ್ನುತ್ತಾಳೆ ಚಿಕ್ಕಮ್ಮ. ಸರಿ, ಹೊರಡು. ಆಟ ಶುರು.

ಮಲೆನಾಡಿನವರಿಗೆ ಇದಕ್ಕಿಂತ ಜಾಸ್ತಿ ಪೀಠಿಕೆ ಬೇಕಾಗಿಲ್ಲ. ನೆಟ್‌ವರ್ಕ್ ಸಿಗುವ ಗುಡ್ಡ ಯಾವುದು, ಗೇರು ಮರದ ಯಾವ ಕಡೆ ನಿಂತರೆ ಎರಡು ಕಡ್ಡಿ ಬರುತ್ತೆ, ಇದೆಲ್ಲ ಅಲ್ಲಿ ಊರಿಗೇ ಗೊತ್ತಿರುವ ವಿಷಯ. 2020ರಲ್ಲಿ ಶಾಲೆ ಕಾಲೇಜು ಮುಚ್ಚಿ ಪಾಠ ಆನ್‌ಲೈನ್ ಆದಾಗ ಎಷ್ಟೋ ಮಕ್ಕಳು ತಿಂಡಿ ತಿಂದು ಗುಡ್ಡಕ್ಕೆ ಹೋಗಿ ಕೂರುತ್ತಿದ್ದರು. ಮಳೆ ಹಿಡಿದರೆ ಟಾರ್ಪಾಲು. ಮರುವರ್ಷ ಜೂನ್‌ನಲ್ಲಿ ಸುಳ್ಯದ ಕಡೆಯ ಒಂದು ಫೋಟೋ ಎಲ್ಲರ ಫೋನಿಗೂ ಬಂದಿತ್ತಲ್ಲ: ರಸ್ತೆ ಬದಿಯಲ್ಲಿ ಮಗಳು ಪಾಠ ಕೇಳುತ್ತಿದ್ದಾಳೆ, ಸುರಿಯುವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಕೆನಡಾದ ಒಬ್ಬರು ಅದಕ್ಕೂ ಮುಂಚೆಯೇ ಸಿಗ್ನಲ್‌ಗಾಗಿ ಬೆಟ್ಟ ಹತ್ತುವುದನ್ನೇ ಒಂದು ಆಟ ಮಾಡಿಟ್ಟಿದ್ದರು ಅಂತ ಗೊತ್ತಾದಾಗ ನನಗೆ ನಗು ಬಂತು. ಇದು ಆಟವಾಗಬಹುದು ಅಂತ ನಮಗ್ಯಾಕೆ ಹೊಳೆಯಲಿಲ್ಲವೋ. ಬಹುಶಃ ದಿನಾ ಹತ್ತುವವರಿಗೆ ಅದು ಆಟ ಅನ್ನಿಸುವುದಿಲ್ಲ.

ಆಟದ ಹೆಸರು ‘ಎ ಶಾರ್ಟ್ ಹೈಕ್’. ಮಾಡಿದವರು ಆಡಮ್ ರಾಬಿನ್ಸನ್-ಯು. ಅವರು ಒಂದು ದೊಡ್ಡ ರೋಲ್‌ಪ್ಲೇಯಿಂಗ್ ಗೇಮ್, ಅಂದರೆ ಒಂದು ಪಾತ್ರವಾಗಿ ಉದ್ದದ ಕಥೆಯೊಳಗೆ ಆಡುವ ಆಟ, ಹಿಡಿದುಕೊಂಡು ಕೂತಿದ್ದರು. ಅದು ಬೆಳೆಯುತ್ತಲೇ ಇತ್ತು, ಮುಗಿಯುವ ಲಕ್ಷಣ ಇರಲಿಲ್ಲ. ಅದನ್ನು ಬದಿಗಿಟ್ಟು ಮೂರ್ನಾಲ್ಕು ತಿಂಗಳಲ್ಲಿ ಇದನ್ನು ಮಾಡಿದರು. 2019ರ ಏಪ್ರಿಲ್‌ನಲ್ಲಿ ಆಟ ಮಾರುವ ಹಂಬಲ್ ಕಂಪನಿಯ ತಿಂಗಳ ಚಂದಾದಾರರ ಕೈಗೆ ಮೊದಲು ಸಿಕ್ಕಿತು. ಜುಲೈ ಕೊನೆಗೆ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂತು, 2020ರ ಆಗಸ್ಟ್‌ನಲ್ಲಿ ಕೈಯಲ್ಲಿ ಹಿಡಿದು ಆಡುವ ಯಂತ್ರ ನಿಂಟೆಂಡೊ ಸ್ವಿಚ್‌ಗೆ. ಆ ವರ್ಷದ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಬಹುಮಾನವಾದ ಶೇಮಸ್ ಮೆಕ್‌ನ್ಯಾಲಿ ಗ್ರ್ಯಾಂಡ್ ಪ್ರೈಜ್ ಇದಕ್ಕೇ ಹೋಯಿತು. ಪ್ರೇಕ್ಷಕರು ಆರಿಸುವ ಪ್ರಶಸ್ತಿಯೂ ಇದಕ್ಕೇ. ವರ್ಷಗಟ್ಟಲೆ ಎಳೆದ ಕೆಲಸ ಒಂದು ಕಡೆ, ಬಿಡುವು ಬೇಕು ಅಂತ ಮಾಡಿದ್ದು ಇನ್ನೊಂದು ಕಡೆ, ಮನೆಮಾತಾಗಿದ್ದು ಎರಡನೆಯದು. ಬರೆಯುವವರಿಗೂ ಹೀಗಾಗುತ್ತೆ, ಅಲ್ವಾ?

ಇಷ್ಟು ಚಿಕ್ಕ ಆಟದಲ್ಲಿ ಅಂಥದ್ದೇನಿದೆ ಅಂತ ಕೇಳಿದರೆ ನಾನು ಮೊದಲು ಗರಿಗಳ ಬಗ್ಗೆ ಹೇಳುತ್ತೇನೆ.

ಕ್ಲೇರ್ ಹಕ್ಕಿಯೇನೋ ಹೌದು, ಆದರೆ ಮೇಲಕ್ಕೆ ಹಾರಲು ಬರುವುದಿಲ್ಲ. ಎತ್ತರದಿಂದ ಹಾರಿಕೊಂಡು ರೆಕ್ಕೆ ಬಿಚ್ಚಿದರೆ ತೇಲಿಕೊಂಡು ಕೆಳಗೆ ಇಳಿಯುತ್ತಾಳೆ, ಅಷ್ಟೇ. ಮೇಲೆ ಹೋಗಬೇಕಾದರೆ ನಡೆಯಬೇಕು, ಇಲ್ಲವೇ ಬಂಡೆ ತಬ್ಬಿಕೊಂಡು ಹತ್ತಬೇಕು. ಅದಕ್ಕೆ ಬೇಕಾಗುವುದು ಚಿನ್ನದ ಗರಿ. ಒಂದು ಗರಿ ಸಿಕ್ಕಿದರೆ ಗಾಳಿಯಲ್ಲಿ ಒಂದು ಸಲ ಜಾಸ್ತಿ ರೆಕ್ಕೆ ಬಡಿಯಬಹುದು, ಬಂಡೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಅಂಟಿಕೊಂಡಿರಬಹುದು. ಹತ್ತುತ್ತಾ ಹೋದಂತೆ ಗರಿಗಳು ಒಂದೊಂದಾಗಿ ಖಾಲಿಯಾಗುತ್ತವೆ. ಎಲ್ಲ ಮುಗಿದರೆ ಕೈ ಜಾರುತ್ತೆ. ನೆಲಕ್ಕೆ ಕಾಲು ತಾಗಿದ ಕೂಡಲೇ ಮತ್ತೆ ತುಂಬಿಕೊಳ್ಳುತ್ತವೆ.

ಹೇಳಲು ಇಷ್ಟೇ. ಕೈಯಲ್ಲಿ ಹಿಡಿದು ಆಡುವಾಗ ಹೇಗಿರುತ್ತೆ ಅಂದರೆ, ಒಂದು ಬಂಡೆಯ ಮುಕ್ಕಾಲು ಹತ್ತಿದ್ದೀರಿ. ಕೊನೆಯ ಗರಿ ಕರಗುತ್ತಿದೆ. ಮೇಲೆ ಒಂದು ಅಂಚು ಕಾಣುತ್ತಿದೆ, ಇನ್ನೊಂದು ಗೇಣು. ಬಟನ್ ಒತ್ತಿ ಜಿಗಿಯುತ್ತೀರಿ. ಸಿಗಲಿಲ್ಲ. ಜಾರಿದಿರಿ. ಬೇರೆ ಆಟದಲ್ಲಾದರೆ ಇಲ್ಲಿ ಪ್ರಾಣ ಹೋಗುತ್ತೆ, ಕೆಂಪು ಅಕ್ಷರ ಬರುತ್ತೆ, ಹತ್ತು ನಿಮಿಷ ಹಿಂದಕ್ಕೆ ಹೋಗಿ ಶುರು ಮಾಡಬೇಕು. ಇಲ್ಲಿ ಏನೂ ಆಗುವುದಿಲ್ಲ. ರೆಕ್ಕೆ ಬಿಚ್ಚುತ್ತೀರಿ, ಗಾಳಿ ಎತ್ತಿಕೊಳ್ಳುತ್ತೆ, ಬಂಡೆಯ ಆ ಬದಿಗೆ ತಿರುಗಿದರೆ ಅಲ್ಲೊಂದು ಪೆಟ್ಟಿಗೆ. ಹತ್ತುವಾಗ ಅದು ಕಂಡಿರಲೇ ಇಲ್ಲ. ಒಳಗೆ ನಾಣ್ಯ. ನಾಣ್ಯದಿಂದ ಗರಿ ಕೊಳ್ಳಬಹುದು. ಗರಿ ಬಂದರೆ ಅದೇ ಬಂಡೆ ಹತ್ತಬಹುದು. ಆದರೆ ಅಷ್ಟರಲ್ಲಿ ನೀವು ಕೆಳಗಿನ ದಾರಿಯಲ್ಲಿ ಯಾರನ್ನೋ ಮಾತಾಡಿಸಿಕೊಂಡು ನಿಂತಿರುತ್ತೀರಿ.

ಈ ಹಿಡಿದು ಹತ್ತುವ ಉಪಾಯ 2017ರ ‘ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಅನ್ನುವ ಆಟದಿಂದ ಬಂದದ್ದು. ಅಲ್ಲಿ ಹತ್ತುವವನಿಗೆ ಎಷ್ಟು ಶಕ್ತಿ ಉಳಿದಿದೆ ಅಂತ ತೋರಿಸುವ ಹಸಿರು ಚಕ್ರ ಕರಗುತ್ತಾ ಹೋದಾಗ ಎದೆ ಹೊಡೆದುಕೊಳ್ಳುತ್ತೆ. ಅದನ್ನೇ ತಂದು, ಭಯ ತೆಗೆದು, ಕುತೂಹಲ ಇಟ್ಟರೆ ಏನಾಗಬಹುದೋ ಅದು ಇದು. ಗರಿ ಅನ್ನುವುದು ಇಲ್ಲಿ ಸುತ್ತಾಡಿದ್ದಕ್ಕೆ ಸಿಗುವ ಕೂಲಿ. ಎಷ್ಟು ಅಡ್ಡದಾರಿ ಹಿಡಿಯುತ್ತೀರೋ ಅಷ್ಟು ಚೆನ್ನಾಗಿ ಹಾರುತ್ತೀರಿ. ನೆಟ್ಟಗೆ ತುದಿಗೆ ಹೋಗುತ್ತೇನೆ ಅಂತ ಹಠ ಹಿಡಿದರೆ ಬೆಟ್ಟ ಬಿಡುವುದಿಲ್ಲ. ಬಯ್ಯುವುದೂ ಇಲ್ಲ, ಸುಮ್ನೆ ಜಾರಿಸುತ್ತೆ.

ದಾರಿಯಲ್ಲಿ ಸಿಗುವವರೆಲ್ಲ ಪ್ರಾಣಿಗಳು, ಪಕ್ಷಿಗಳು. ಹೆಸರಿಗೆ ಪ್ರಾಣಿ, ಬುದ್ಧಿಯೆಲ್ಲ ನಮ್ಮದೇ. ಓಡುವ ಅಭ್ಯಾಸ ಮಾಡುವ ಮೊಲವೊಂದಿದೆ. ತಲೆಗೆ ಕಟ್ಟಿಕೊಳ್ಳುವ ಪಟ್ಟಿ ಕಳೆದುಹೋಗಿದೆ. ಅದು ಅದೃಷ್ಟದ ಪಟ್ಟಿಯಂತೆ. ಅದಿಲ್ಲದೆ ಓಡಲು ಆಗುವುದಿಲ್ಲವಂತೆ. ಒಂದೇ ಬ್ಯಾಟಿನಲ್ಲಿ ಆಡಿದರೆ ಮಾತ್ರ ರನ್ ಬರುತ್ತೆ ಅನ್ನುವವರನ್ನು ನೀವೂ ನೋಡಿರುತ್ತೀರಿ. ಪಟ್ಟಿ ಹುಡುಕಿ ಕೊಟ್ಟರೆ ಓಡುವ ಶೂ ಕೊಡುತ್ತೆ. ಆ ಶೂ ಹಾಕಿಕೊಂಡ ಮೇಲೆ ಇಡೀ ದ್ವೀಪ ಸ್ವಲ್ಪ ಚಿಕ್ಕದಾಗುತ್ತೆ. ಸಮುದ್ರದ ದಂಡೆಯಲ್ಲಿ ಮರಳಿನ ಕೋಟೆ ಕಟ್ಟುವ ಮಗು, ಕಪ್ಪೆಚಿಪ್ಪು ಬೇಕು ಅಂತ ಕೂತಿರುವ ಇನ್ನೊಂದು ಮಗು, ಕೋಲಿನಲ್ಲಿ ಚೆಂಡು ಹೊಡೆದು ಆಡುವ ಆಟಕ್ಕೆ ಜೊತೆ ಹುಡುಕುವವರು. ಆ ಆಟಕ್ಕೆ ಬೀಚ್‌ಸ್ಟಿಕ್‌ಬಾಲ್ ಅಂತ ಹೆಸರು. ಮೂಲ ಕೆಲಸ ಮರೆತು ನಾನು ಅಲ್ಲೇ ಸಿಕ್ಕಿಹಾಕಿಕೊಂಡಿದ್ದು ಎಷ್ಟು ಹೊತ್ತೋ.

ನನಗೆ ಮನಸ್ಸಿನಲ್ಲಿ ಉಳಿದವರು ಇಬ್ಬರು. ಒಬ್ಬ ಚಿನ್ನದ ಗರಿ ಮಾರುವವನು. ಬೆಲೆ ಕೇಳಿದರೆ ತಲೆ ತಿರುಗುತ್ತೆ. ಯಾವನಪ್ಪಾ ಇವನು, ಬೆಟ್ಟದಲ್ಲೂ ಬ್ಲ್ಯಾಕ್ ಟಿಕೆಟ್ ದಂಧೆ ಅಂತ ಬೈದುಕೊಳ್ಳುತ್ತೀರಿ. ಮಾತಿಗೆ ಎಳೆದರೆ ಕಾಲೇಜು ಫೀಸಿಗೆ ದುಡ್ಡು ಕೂಡಿಸುತ್ತಿದ್ದೇನೆ ಅನ್ನುತ್ತಾನೆ. ಅಲ್ಲಿಗೆ ಸಿಟ್ಟು ಇಳಿಯುತ್ತೆ, ಬೆಲೆ ಇಳಿಯುವುದಿಲ್ಲ. ಆಟ ಇದರ ಬಗ್ಗೆ ಇನ್ನೊಂದು ಮಾತು ಆಡುವುದಿಲ್ಲ. ಕೊಳ್ಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ಇನ್ನೊಬ್ಬರು ಚಿತ್ರ ಬರೆಯುವವರು. ಒಂದು ಕಡೆ ಸ್ಟ್ಯಾಂಡ್ ಇಟ್ಟುಕೊಂಡು ಬರೆಯುತ್ತಿರುತ್ತಾರೆ. ಬರೆದದ್ದು ಅವರಿಗೇ ಹಿಡಿಸಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೆಟ್ಟದ ಇನ್ನೊಂದು ಮೂಲೆಯಲ್ಲಿ ಮತ್ತೆ ಸಿಗುತ್ತಾರೆ. ಅಲ್ಲೂ ಅದೇ ಗೋಳು. ಅವರ ಕಷ್ಟಕ್ಕೆ ಆಟ ಮದ್ದು ಕೊಡುವುದಿಲ್ಲ. ಕ್ಲೇರ್ ನಿಂತು ನೋಡುತ್ತಾಳೆ, ಎರಡು ಮಾತಾಡುತ್ತಾಳೆ, ಹೋಗುತ್ತಾಳೆ. ಈ ಸಂಭಾಷಣೆಗಳೆಲ್ಲ ಬಹಳ ಚಿಕ್ಕವು. ಆದರೂ ಯಾರೂ ಕ್ಲೇರ್‌ಗಾಗಿಯೇ ಅಲ್ಲಿ ನಿಂತಿದ್ದಾರೆ ಅಂತ ಅನ್ನಿಸುವುದಿಲ್ಲ. ಅವರವರ ರಜೆ, ಅವರವರ ತಲೆಬಿಸಿ. ನಡುವೆ ಇವಳು ಹಾದುಹೋಗುತ್ತಾಳೆ. ಕುಮಾರಪರ್ವತ ಹತ್ತುವಾಗ ಎದುರು ಇಳಿದು ಬರುವವರು, ಇನ್ನೇನು ಸ್ವಲ್ಪ ಅಷ್ಟೇ ಅಂತ ಸುಳ್ಳು ಹೇಳಿ ಹೋಗುತ್ತಾರಲ್ಲ, ಅಂಥ ಪರಿಚಯ ಇದು.

ಈಗ ಒಂದು ತಕರಾರು ಎತ್ತುತ್ತೇನೆ. ತಕರಾರು ಈ ಆಟದ ಮೇಲಲ್ಲ, ಇದರ ನೆಂಟರಿಷ್ಟರ ಮೇಲೆ.

‘ರಿಲ್ಯಾಕ್ಸ್ ಆಗಲು ಆಡಿ’ ಅಂತ ಹಣೆಪಟ್ಟಿ ಹಚ್ಚಿಕೊಂಡು ಬರುವ ಆಟಗಳಲ್ಲಿ ಬಹಳಷ್ಟು ನನಗೆ ಎರಡನೇ ನೌಕರಿ ಅನ್ನಿಸುತ್ತವೆ. 2016ರ ‘ಸ್ಟಾರ್‌ಡ್ಯೂ ವ್ಯಾಲಿ’ ಎಲ್ಲರಿಗೂ ಇಷ್ಟ, ನನಗೂ ಇಷ್ಟವೇ. ಆದರೆ ಅಲ್ಲೊಂದು ಗಡಿಯಾರ ಓಡುತ್ತಲೇ ಇರುತ್ತೆ. ಗಿಡಕ್ಕೆ ನೀರು ಹಾಕಬೇಕು, ಕೋಳಿಗೆ ಕಾಳು ಹಾಕಬೇಕು, ಅಂಗಡಿ ಮುಚ್ಚುವುದರೊಳಗೆ ಬೀಜ ತರಬೇಕು. ರಾತ್ರಿ ಎರಡು ಗಂಟೆಯಾದರೆ ನಿಂತಲ್ಲೇ ಬಿದ್ದುಬಿಡುತ್ತೀರಿ. ಲಾಕ್‌ಡೌನ್ ಶುರುವಾಗುವ ಹೊತ್ತಿಗೆ, 2020ರ ಮಾರ್ಚ್‌ನಲ್ಲಿ ಬಂದ ‘ಅನಿಮಲ್ ಕ್ರಾಸಿಂಗ್: ನ್ಯೂ ಹರೈಜನ್ಸ್’ನಲ್ಲಿ ಸುತ್ತಮುತ್ತ ಮುದ್ದು ಪ್ರಾಣಿಗಳೇ. ಆದರೆ ಮನೆಗೆ ಸಾಲ ಇದೆ, ಸಾಲ ತೀರಿಸಿದರೆ ಇನ್ನೂ ದೊಡ್ಡ ಮನೆ, ಅದಕ್ಕೆ ಇನ್ನೂ ದೊಡ್ಡ ಸಾಲ. ಕೆಲವು ದಿನ ಹೋಗದಿದ್ದರೆ ಅಂಗಳದಲ್ಲಿ ಕಳೆ ಬೆಳೆದಿರುತ್ತೆ. ದಿನವಿಡೀ ಆಫೀಸಿನಲ್ಲಿ ಡೆಡ್‌ಲೈನ್ ನೋಡಿ ಬಂದವಳಿಗೆ ರಾತ್ರಿ ಕಳೆ ಕೀಳುವ ಡೆಡ್‌ಲೈನ್ ಯಾಕೆ?

ಇದನ್ನೂ ತಪ್ಪು ಅನ್ನುವಂತಿಲ್ಲ. ಮಾಡಿದ ಕೆಲಸ ಕಣ್ಣಿಗೆ ಕಾಣುತ್ತೆ ಅನ್ನುವ ಸಮಾಧಾನ ಎಷ್ಟೋ ಜನಕ್ಕೆ ಬೇಕು. ನಿಜವಾದ ಕೆಲಸದಲ್ಲಿ ಅದು ಸಿಗುವುದು ಕಷ್ಟ. ಆದರೆ ‘ಎ ಶಾರ್ಟ್ ಹೈಕ್’ ಕೊಡುವ ಆರಾಮ ಬೇರೆ ಜಾತಿಯದು. ಇಲ್ಲಿ ಗಡಿಯಾರ ಇಲ್ಲ. ಸಾಲ ಇಲ್ಲ. ಎಷ್ಟು ಪ್ರಾಣ ಉಳಿದಿದೆ ಅಂತ ತೋರಿಸುವ ಗೆರೆ ಇಲ್ಲ. ನಾಳೆ ಬಂದರೆ ಬಹುಮಾನ, ಬರದಿದ್ದರೆ ನಷ್ಟ ಅನ್ನುವ ಆಸೆ ತೋರಿಸುವುದಿಲ್ಲ. ಒಂದೂವರೆ ಗಂಟೆಯಲ್ಲಿ ತುದಿ ಮುಟ್ಟಬಹುದು, ಮೂಲೆಮೂಲೆ ಹುಡುಕಿದರೆ ನಾಲ್ಕೈದು ಗಂಟೆ. ಆಮೇಲೆ ಮುಗಿಯುತ್ತೆ. ಮುಗಿಯುವ ಆಟ ಈಗ ಎಷ್ಟು ಅಪರೂಪ ಅಂದರೆ, ಹೆಸರಿನಲ್ಲೇ ‘ಶಾರ್ಟ್’ ಅಂತ ಹೇಳಿಕೊಳ್ಳುವ ಧೈರ್ಯ ನೋಡಿ ಖುಷಿಯಾಯಿತು.

ಹಾಗಂತ ಚಿಕ್ಕದು ಅಂದ ಮಾತ್ರಕ್ಕೆ ಸುಲಭಕ್ಕೆ ಕಟ್ಟಿದ್ದಲ್ಲ. ಆಡಮ್ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ಗಾಗಿ ಒಂದು ಭಾಷಣ ಮಾಡಿದ್ದಾರೆ, ಪುಟ್ಟ ಓಪನ್ ವರ್ಲ್ಡ್, ಅಂದರೆ ಇಷ್ಟ ಬಂದ ಕಡೆ ತಿರುಗಾಡಬಹುದಾದ ಲೋಕ, ಕಟ್ಟುವುದು ಹೇಗೆ ಅಂತ. ಆಟ ಆಡಿ ಮುಗಿಸಿದವರು ಅದನ್ನು ನೋಡಬೇಕು. ಪರದೆಯ ಮೂಲೆಯಲ್ಲಿ ಮ್ಯಾಪ್ ಇಲ್ಲ, ಹೋಗಬೇಕಾದ ಕಡೆ ಬಾಣ ತೋರಿಸುವುದಿಲ್ಲ. ಆದರೂ ಕಳೆದುಹೋಗುವುದಿಲ್ಲ, ಯಾಕೆಂದರೆ ಎಲ್ಲಿದ್ದರೂ ಹೋಗಬೇಕಾದ್ದು ಮೇಲಕ್ಕೆ ಅನ್ನುವುದು ಗೊತ್ತೇ ಇರುತ್ತೆ. ಕೈಕಂಬ ನೋಡಿ ಹೋಗಬೇಕು, ಇಲ್ಲವೇ ಗುರುತು ಇಟ್ಟುಕೊಳ್ಳಬೇಕು: ಆ ಕೆರೆ, ಆ ಲೈಟ್‌ಹೌಸ್, ಮರ ಒತ್ತಾಗಿರುವ ಆ ಕಾಡು. ಮ್ಯಾಪ್ ಇದ್ದಿದ್ದರೆ ನಾವು ಮ್ಯಾಪನ್ನೇ ನೋಡಿಕೊಂಡು ಹೋಗುತ್ತಿದ್ದೆವು. ಬೆಂಗಳೂರಿನಲ್ಲಿ ವರ್ಷಗಳಿಂದ ಇದ್ದೂ ಫೋನ್ ಹೇಳದೆ ಬಲಕ್ಕೆ ತಿರುಗದ ನನ್ನಂಥವಳಿಗೆ ಒಂದು ದ್ವೀಪದ ದಾರಿಗಳು ಬಾಯಿಪಾಠ ಆದದ್ದು ಸಣ್ಣ ಸಾಧನೆಯಲ್ಲ.

ನೋಡಲು ಆಟ ಒರಟೊರಟಾಗಿದೆ. ಮೂರು ಆಯಾಮದ ಜಗತ್ತನ್ನೇ ಕಡಿಮೆ ರೆಸಲ್ಯೂಶನ್‌ನಲ್ಲಿ ಬಿಡಿಸಿ ಪರದೆ ತುಂಬ ಹಿಗ್ಗಿಸಿದ್ದಾರೆ. ಹಾಗಾಗಿ ಪಿಕ್ಸೆಲ್‌ಗಳು ಒಂದೊಂದೂ ಕಣ್ಣಿಗೆ ಕಾಣುತ್ತವೆ. ಮೊದಲ ಐದು ನಿಮಿಷ ಕಣ್ಣಿಗೆ ಕಿರಿಕಿರಿ. ಬೇಡ ಅನ್ನುವವರು ಸೆಟ್ಟಿಂಗ್ಸ್‌ನಲ್ಲಿ ಪಿಕ್ಸೆಲ್ ಸಣ್ಣ ಮಾಡಿಕೊಳ್ಳಬಹುದು. ನಾನು ಮಾಡಿ ನೋಡಿ ವಾಪಸ್ ಹಳೆಯದಕ್ಕೇ ಬಂದೆ. ನುಣುಪಾದರೆ ಆ ದ್ವೀಪ ಬೇರೆ ಯಾವುದೋ ಊರಾಗಿಬಿಡುತ್ತೆ. ಕೆಂಪು-ಹಳದಿ ಎಲೆಗಳ ಮರ, ನೀಲಿ ನೀರು, ಮೇಲೆ ಹೋದರೆ ಹಿಮ. ಎಲೆಯ ಒಂದೊಂದು ಗೆರೆಯನ್ನೂ ಬರೆದಿಲ್ಲ, ಬಣ್ಣ ಮಾತ್ರ ಇಟ್ಟಿದ್ದಾರೆ. ಉಳಿದದ್ದನ್ನು ಕಣ್ಣೇ ತುಂಬಿಕೊಳ್ಳುತ್ತೆ.

ಸಂಗೀತ ಮಾರ್ಕ್ ಸ್ಪಾರ್ಲಿಂಗ್ ಅವರದು. ಹಾಡು ಒಂದು ಮುಗಿದು ಇನ್ನೊಂದು ಶುರುವಾಗುವ ಲೆಕ್ಕ ಇಲ್ಲಿಲ್ಲ. ನೀವು ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ ಅನ್ನುವುದನ್ನು ನೋಡಿಕೊಂಡು ವಾದ್ಯಗಳು ಬಂದು ಸೇರಿಕೊಳ್ಳುತ್ತವೆ, ಸರಿದು ಹೋಗುತ್ತವೆ. ಹೆಡ್‌ಫೋನ್ ಹಾಕಿಕೊಂಡು ಆಡಿ.

ಮೇಲಿನ ಭಾಗ ಸ್ವಲ್ಪ ಕಷ್ಟ. ಹಿಮ ಶುರುವಾದಲ್ಲಿ ಚಳಿಗೆ ಗರಿಗಳು ಹೆಪ್ಪುಗಟ್ಟುತ್ತವೆ. ಹೆಪ್ಪುಗಟ್ಟಿದ್ದು ನೆಲ ಮುಟ್ಟಿದರೂ ತುಂಬಿಕೊಳ್ಳುವುದಿಲ್ಲ. ಬಿಸಿನೀರಿನ ಬುಗ್ಗೆ ಹುಡುಕಿಕೊಂಡು ಹೋಗಿ ಇಳಿದರೆ ಮತ್ತೆ ಜೀವ ಬರುತ್ತೆ. ಇಷ್ಟು ಹೊತ್ತು ಲಂಗುಲಗಾಮಿಲ್ಲದೆ ತಿರುಗಿದವರಿಗೆ ಇಲ್ಲಿ ಮೊದಲ ಸಲ ಲೆಕ್ಕ ಹಾಕುವ ಕೆಲಸ. ಈ ಗರಿಗೆ ಆ ಕಲ್ಲಿನವರೆಗೆ, ಅಲ್ಲಿಂದ ಆ ಬುಗ್ಗೆಯವರೆಗೆ. ನನಗೆ ಇದು ಬೇಕಿತ್ತು. ಬೆಟ್ಟ ಕೊನೆಯವರೆಗೂ ಮೆತ್ತಗೇ ಇದ್ದಿದ್ದರೆ ತುದಿ ಮುಟ್ಟಿದ್ದು ತುದಿ ಮುಟ್ಟಿದ ಹಾಗೆ ಅನ್ನಿಸುತ್ತಿರಲಿಲ್ಲ.

ಇನ್ನು ಮುಂದೆ ತುದಿಯಲ್ಲಿ ಏನಾಗುತ್ತೆ ಅಂತ ಹೇಳಲಿದ್ದೇನೆ. ಆಡಬೇಕು ಅಂದುಕೊಂಡವರು ಮೊದಲು ಆಡಿ ಬನ್ನಿ.

ಮೇಲೆ ಹೋದರೆ ಫೋನ್ ರಿಂಗ್ ಆಗುತ್ತೆ. ಅಮ್ಮ. ಆಕೆಗೆ ಆಪರೇಷನ್ ಆಗಿದೆ. ಸುಖವಾಗಿ ಮುಗಿದಿದೆ. ಕ್ಲೇರ್ ಆಟದ ಉದ್ದಕ್ಕೂ ಕಾಯುತ್ತಿದ್ದ ಸುದ್ದಿ ಇದು. ಕಪ್ಪೆಚಿಪ್ಪು ಆರಿಸುವಾಗ, ಮೀನು ಹಿಡಿಯುವಾಗ, ಮೊಲದ ಪಟ್ಟಿ ಹುಡುಕುವಾಗ, ಅಷ್ಟು ಹೊತ್ತೂ ಅವಳ ತಲೆಯಲ್ಲಿ ಇದಿತ್ತು ಅಂತ ಆಗ ಗೊತ್ತಾಗುತ್ತೆ. ನಮಗೆ ಗೊತ್ತಿರಲಿಲ್ಲ, ಅಷ್ಟೇ. ನಾನು ಅಲ್ಲೇ ಇರಬೇಕಿತ್ತು ಅನ್ನುವ ಸಂಕಟ ಮಗಳಿಗೆ. ತನಗೂ ಭಯವಾಗಿತ್ತು ಅಂತ ಅಮ್ಮ ಒಪ್ಪಿಕೊಳ್ಳುತ್ತಾಳೆ. ಆಮೇಲೆ ಮಾತು ಬೆಟ್ಟದ ಕಡೆಗೆ ಹೊರಳುತ್ತೆ.

ನಮ್ಮಮ್ಮ ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಸಂಜೆ ಫೋನ್ ಮಾಡಿ, ಊಟ ಆಯ್ತಾ, ಮಳೆ ಇದೆಯಾ ಅಂತೆಲ್ಲ ಕೇಳಿ, ಕೊನೆಗೆ ‘ಇವತ್ತು ಕಣ್ಣಿಂದು ಮಾಡಿಸ್ಕೊಂಡೆ ಕಣೇ, ಏನೂ ಇಲ್ಲ, ಅರ್ಧ ಗಂಟೆ ಅಷ್ಟೇ’ ಅಂದರು. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೂಗಾಡಿದೆ. ‘ನೀನು ರಜೆ ಹಾಕಿ ಓಡಿ ಬರ್ತಿದ್ದೆ, ಸುಮ್ನೆ ಯಾಕೆ ಟೆನ್ಷನ್’ ಅನ್ನುವ ಉತ್ತರ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಈ ಫೋನ್ ಬಂದಿಲ್ಲ ಹೇಳಿ. ಹೊರದೇಶದಲ್ಲಿ ಮಕ್ಕಳಿರುವ ಮನೆಯಲ್ಲಂತೂ ಬಿ.ಪಿ., ಶುಗರ್‌ನಿಂದ ಹಿಡಿದು ಬಿದ್ದು ಕಾಲು ಮುರಿದದ್ದರವರೆಗೂ ಎಲ್ಲ ಸುದ್ದಿ ವಾರ ತಡವಾಗಿಯೇ ಹೋಗುವುದು. ಹಾಗಾಗಿ ಆ ಬೆಟ್ಟದ ತುದಿಯ ಕಾಲ್ ನನಗೆ ಆಟದ ತಿರುವು ಅನ್ನಿಸಲೇ ಇಲ್ಲ. ಅಮ್ಮನ ಆ ದನಿ, ‘ಈಗ ಆರಾಮಿದ್ದೀನಿ’ ಅನ್ನುವ ದನಿ, ಕನ್ನಡದಲ್ಲೇ ಕೇಳಿಸಿತು.

ಕಣ್ಣಲ್ಲಿ ನೀರು ತರಿಸಬೇಕು ಅಂತ ಹೊರಟಿದ್ದರೆ ಬೇಕಾದಷ್ಟು ದಾರಿ ಇತ್ತು. ಪಿಟೀಲು ಕೂಡಿಸಬಹುದಿತ್ತು, ಹಳೆಯ ನೆನಪುಗಳನ್ನು ತೋರಿಸಬಹುದಿತ್ತು. ಅದ್ಯಾವುದೂ ಇಲ್ಲ. ಕೆಲವೇ ಸಾಲಿನ ಮಾತು, ಮುಗಿಯಿತು. ಆರಾಮದ ಆಟ ಅಂದರೆ ಚಿಂತೆಯೇ ಇಲ್ಲದ ಲೋಕ ಕಟ್ಟಬೇಕು ಅಂತ ಎಲ್ಲರೂ ಅಂದುಕೊಂಡ ಹಾಗಿದೆ. ಈ ಆಟ ಚಿಂತೆಯನ್ನು ಕ್ಲೇರ್‌ನ ಜೇಬಿನಲ್ಲೇ ಇಟ್ಟು ಕಳಿಸಿತು. ಅದರ ಜೊತೆಗೇ ಅವಳು ಚೆಂಡಾಟ ಆಡಿದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುವಾಗ ಎದುರಿನ ಸೀಟಿನ ಮಗುವಿನ ಜೊತೆ ಆಟ ಆಡಿದವರಿಗೆ ಇದು ಅರ್ಥವಾಗುತ್ತೆ. ಕಾಯುವುದಕ್ಕೆ ಬೇರೆ ದಾರಿ ಇಲ್ಲ.

ಕಾಲ್ ಮುಗಿದ ಮೇಲೆ ಬೆಟ್ಟದ ತುದಿಯಿಂದ ಬಿಸಿಗಾಳಿ ಮೇಲಕ್ಕೆ ಬೀಸುತ್ತೆ. ಅದರೊಳಕ್ಕೆ ಹಾರಿಕೊಂಡರೆ ಕ್ಲೇರ್ ಎಲ್ಲಕ್ಕಿಂತ ಎತ್ತರಕ್ಕೆ ಹೋಗುತ್ತಾಳೆ. ಇಡೀ ಆಟದಲ್ಲಿ ಅವಳು ಹಕ್ಕಿಯ ಹಾಗೆ ಹಾರುವುದು ಆಗಲೇ. ಕಷ್ಟಪಟ್ಟು ಹತ್ತಿದ ಬಂಡೆ, ಜಾರಿದ ಜಾಗ, ಪೆಟ್ಟಿಗೆ ಸಿಕ್ಕ ಮೂಲೆ, ಮರಳಿನ ಕೋಟೆ ಎಲ್ಲ ಕೆಳಗೆ ಒಂದೇ ನೋಟಕ್ಕೆ ಸಿಗುತ್ತವೆ. ಹತ್ತಲು ಗಂಟೆ ಹಿಡಿದ ದಾರಿ ಇಳಿಯಲು ಒಂದೆರಡು ನಿಮಿಷ. ಯಾವ ಬಟನ್ನೂ ಒತ್ತುವ ಅವಸರ ಇರುವುದಿಲ್ಲ. ಕೆಳಗೆ ಚಿಕ್ಕಮ್ಮ ಕಾಯುತ್ತಿರುತ್ತಾಳೆ.

ನನಗೆ ಒಂದೇ ಕೊರತೆ ಕಂಡದ್ದು ಮೀನು ಹಿಡಿಯುವುದು. ಯಾಕೋ ಈ ಬಗೆಯ ಆಟ ಮಾಡುವವರಿಗೆಲ್ಲ ಒಂದು ಗಾಳ ಇಡಲೇಬೇಕು ಅನ್ನುವ ಹರಕೆ ಇದ್ದ ಹಾಗಿದೆ. ಬೇಕಾದವರು ಹಿಡಿಯಲಿ, ಕಡ್ಡಾಯ ಏನೂ ಅಲ್ಲ.

ಅಕ್ಕನ ಮಗಳಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟಿದ್ದೆ. ಹಳೆಯ ಲ್ಯಾಪ್‌ಟಾಪಿನಲ್ಲೂ ಆರಾಮಾಗಿ ಓಡುತ್ತೆ, ಅದನ್ನು ಹೇಳಲು ಮರೆತಿದ್ದೆ. ಇಂಗ್ಲಿಷ್ ಸಾಲುಗಳನ್ನು ಅವಳಿಗೆ ಓದಿ ಹೇಳುವ ಕೆಲಸ ನನ್ನದು. ಅವಳಿಗೆ ಬೆಟ್ಟದ ತುದಿಯ ಮೇಲೆ ಒಂದಿಷ್ಟೂ ಆಸಕ್ತಿ ಇಲ್ಲ. ಗಿಡಕ್ಕೆ ನೀರು ಹಾಕುತ್ತಾಳೆ, ಅರಳಿದ ಹೂವಿನ ಮೇಲೆ ಹಾರಿ ಕುಣಿಯುತ್ತಾಳೆ, ನಾನು ಹರಕೆ ಅಂತ ಬೈದ ಗಾಳ ಹಿಡಿದು ಗಂಟೆಗಟ್ಟಲೆ ಮೀನು ಹಿಡಿಯುತ್ತಾಳೆ. ಮೇಲೆ ಹೋಗೋಣ ಬಾರೇ, ಕ್ಲೇರ್‌ಗೆ ಫೋನ್ ಬರೋದಿದೆ ಅಂದೆ.

‘ಇರಲಿ ಬಿಡು ಚಿಕ್ಕಮ್ಮ,’ ಅಂದಳು, ಪರದೆಯಿಂದ ಕಣ್ಣು ತೆಗೆಯದೆ. ‘ಮಿಸ್ಡ್ ಕಾಲ್ ಇರುತ್ತಲ್ವಾ, ಆಮೇಲೆ ಮಾಡಿದ್ರಾಯ್ತು.’